ಗೋಡೆ ಕಾಗದದ ಅಹವಾಲು

ಸಾಂ-ಗ್ವೆನೋ, ಫ್ರಾನ್ಸ್
22 ಮಾರ್ಚ್ 2019

ಪ್ರೀತಿಯ ಲವ್‌ಡೇ ಅಕ್ಕಾ,

ಕ್ರಿಸ್‌ಮಸ್ ಕಾರ್ಡಿನ ನಂತರ ಇದೇ ಮೊದಲು ಬರೆಯುತ್ತಿರುವುದು. ಫೋನ್ ಮಾಡಬಹುದಿತ್ತು. ಆದರೆ ಮೂರು ವರ್ಷದ ಹಿಂದೆ ಮತದಾನದ ಮಾರನೇ ದಿನ ಅಕ್ಕ ತಮ್ಮ ಇಬ್ಬರೂ ಫೋನಿನಲ್ಲಿ ಆಡಿದ ಆಟ ನೋಡಿ ನನ್ನ ಹೆಂಡತಿ ಅದನ್ನು ನಮ್ಮ ನಡುವೆ ನಿಷೇಧಿಸಿದ್ದಾಳಲ್ಲ. "ಬರೀರಿ. ಬರೆಯೋವಾಗ ಕೈ ನೋಯುತ್ತೆ, ಬೈಗುಳ ಕಮ್ಮಿ ಆಗುತ್ತೆ" ಅನ್ನುವುದು ಆನಿಕ್‌ಳ ಸಿದ್ಧಾಂತ.

ಬುಧವಾರದಿಂದ ನಾನು ಊಟ ನಿದ್ದೆ ಬಿಟ್ಟು ಒಂದು ಅಂಕಿಯನ್ನು ನೋಡುತ್ತ ಕೂತಿದ್ದೇನೆ. ಲಂಡನ್ನಿನ ಸಂಸತ್ತಿನ ಜಾಲತಾಣದಲ್ಲಿ ಒಂದು ಮನವಿ ಇದೆ. ಆ ಮತದಾನದಂತೆ ಯುರೋಪಿಯನ್ ಒಕ್ಕೂಟ ಬಿಡುತ್ತೇವೆಂದು ಸರ್ಕಾರ ಕೊಟ್ಟ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳುವ ಮನವಿ. ನಾನೂ ಸಹಿ ಹಾಕಿದೆ. ಹಾಕಿ ಎದ್ದು ಹೋಗುವ ಬದಲು ಸುಮ್ಮನೆ ನೋಡಿದೆ. ಅಕ್ಕಾ, ಆ ಅಂಕಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ! ಒಮ್ಮೆ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ನೂರಾರು ಜನ ಬಂದು ಸೇರುತ್ತಿದ್ದರು. ಆನಿಕ್‌ಳನ್ನು ಕೂಗಿ ಕರೆದೆ. ಅವಳೂ ಬಂದು ನಿಂತಳು. ಒಲೆಯ ಮೇಲಿದ್ದ ಸೂಪು ತಳ ಹಿಡಿದದ್ದು ಇಬ್ಬರ ಮೂಗಿಗೂ ಗೊತ್ತಾಗಲಿಲ್ಲ. ನಿನ್ನೆ ಜನ ನುಗ್ಗಿದ ರಭಸಕ್ಕೆ ಜಾಲತಾಣವೇ ಕುಸಿದುಬಿತ್ತು. ಮತ್ತೆ ಎದ್ದಿತು. ಇವತ್ತು ಮೂವತ್ತು ಲಕ್ಷ ದಾಟಿದೆ.

ನಮ್ಮ ಬಂದರಿನಲ್ಲಿ ನೀರು ಇಳಿದಾಗ ದೋಣಿಗಳೆಲ್ಲ ಕೆಸರಲ್ಲಿ ಒಂದು ಪಕ್ಕಕ್ಕೆ ಒರಗಿ ಬಿದ್ದಿರುತ್ತಿದ್ದವು, ನೆನಪಿದೆಯಾ? ಮತ್ತೆ ನೀರು ಏರುವಾಗ ಯಾರೂ ಮುಟ್ಟದೆ ಒಂದೊಂದಾಗಿ ಎದ್ದು ನೆಟ್ಟಗೆ ನಿಲ್ಲುತ್ತಿದ್ದವು. ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಬಾಯಿ ಬಿಟ್ಟು ನೋಡುತ್ತಿದ್ದೆವು. ನನಗೆ ಈಗ ಹಾಗೇ ಆಗುತ್ತಿದೆ. ಇಷ್ಟು ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಒಂದೇ ವಾಕ್ಯದ ಕೆಳಗೆ ಬಂದು ನಿಲ್ಲುತ್ತಿದ್ದಾರೆ.

ನೀನು ಬಿಡುವ ಕಡೆಗೆ ವೋಟು ಹಾಕಿದವಳು, ಗೊತ್ತು. ಆದರೂ ಕೇಳುತ್ತೇನೆ. ನೀನೂ ಒಂದು ಸಹಿ ಹಾಕು. ಅರ್ಧ ನಿಮಿಷದ ಕೆಲಸ. ನಿನ್ನದೊಂದು ಬಿದ್ದರೆ ನನಗೆ ಉಳಿದ ಮೂವತ್ತು ಲಕ್ಷದಷ್ಟೇ ಆಯಿತು.

ನನ್ನ ಆರೋಗ್ಯ ಕೇಳಿದ್ದೆ. ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ತಮ್ಮ,
ಡೆನ್ಜಿಲ್

ಲವ್‌ಡೇ ಅಕ್ಕಾ, ಅವನು ಅಂಚೆಚೀಟಿ ಹುಡುಕಲು ಹೋಗಿದ್ದಾನೆ. ಅಷ್ಟರಲ್ಲಿ ಈ ಚೂರು ಕಾಗದವನ್ನು ಲಕೋಟೆಯೊಳಗೆ ತೂರಿಸುತ್ತಿದ್ದೇನೆ. ಅವನು ಗುಂಡುಕಲ್ಲಲ್ಲ. ನವೆಂಬರಿನಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಪ್ಲಿಮತ್ ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ದುಡಿದವನೆಂದು ಅದರ ಖರ್ಚನ್ನು ನಿಮ್ಮ ದೇಶ ಹೊರುತ್ತಿದೆ. ಒಪ್ಪಂದವಿಲ್ಲದೆ ಹೊರಬಿದ್ದರೆ ಮುಂದೇನು ಎಂದು ಕೇಳಿದರೆ ಆ ದಡದ ಕಚೇರಿ ಈ ದಡ ತೋರಿಸುತ್ತದೆ, ಈ ದಡದ್ದು ಆಕಾಶ ತೋರಿಸುತ್ತದೆ. ಇವನು ಹೇಳಿಬಿಟ್ಟಿದ್ದಾನೆ: "ಖರ್ಚು ನಮ್ಮ ತಲೆಗೆ ಬಂದ ದಿನ ನಾನು ಆ ಯಂತ್ರದ ಹತ್ರ ಹೋಗಲ್ಲ. ನಿನ್ನಪ್ಪ ಬಿಟ್ಟುಹೋದ ಈ ಮನೆ ಮಾರಿ ಬದುಕೋನಲ್ಲ ನಾನು." ಹೋಗದಿದ್ದರೆ ಎರಡು ವಾರ, ಹೆಚ್ಚಿಲ್ಲ ಎಂದಿದ್ದಾರೆ ಡಾಕ್ಟರು. ನಿಮಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.
ಆನಿಕ್


ಪೋರ್ಥ್‌ಗ್ವಿನ್, ಕಾರ್ನ್‌ವಾಲ್
30 ಮಾರ್ಚ್ 2019

ತಮ್ಮಾ ಡೆನ್ಜಿಲ್,

ಗುಂಡುಕಲ್ಲಿಗೆ ನಮಸ್ಕಾರ.

ನಿನ್ನೆ ನಾವು ಒಕ್ಕೂಟದಿಂದ ಹೊರಗೆ ಬೀಳಬೇಕಿದ್ದ ದಿನ. ಜೋರಿ ಪೆಂಡರ್ ತನ್ನ ದೋಣಿಗೆ ದೊಡ್ಡ ಬಾವುಟ ಕಟ್ಟಿಕೊಂಡು ಬೆಳಗಿನಿಂದ ಕಾದ. ಲಂಡನ್ನಿನವರು ದಿನಾಂಕ ಮುಂದೆ ಹಾಕಿದ್ದಾರೆಂದು ಗೊತ್ತಿದ್ದೂ ಕಾದ. ಏನೂ ಆಗಲಿಲ್ಲ. ಸಂಜೆ ಇಳಿಸಿ ಒಗೆಯಲು ಹಾಕಿದ.

ನಿನ್ನ ಮನವಿಗೆ ನಾನು ಸಹಿ ಹಾಕುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೆಟ್ಟಿಗೆಗೆ ಹಾಕಿದ ವೋಟನ್ನು ಕೈ ಹಾಕಿ ವಾಪಸ್ ತೆಗೆಯುವವಳು ನಾನಲ್ಲ, ಮೂವತ್ತು ಲಕ್ಷ ಜನ ಕೇಳಿದರೂ ಅಲ್ಲ, ನೀನು ಕೇಳಿದರೂ ಅಲ್ಲ. ಅಲ್ಲದೆ ಲೈಬ್ರರಿಗೆ ಹೋಗಿ ವಿಚಾರಿಸಿದೆ. ಅಲ್ಲಿಯ ಮೊರ್ವೆನ್ನಾ "ಇ-ಮೇಲ್ ಹೇಳಿ ಅಜ್ಜೀ" ಅಂದಳು. ನನಗೆಲ್ಲಿಯ ಇ-ಮೇಲ್? ಅದಿಲ್ಲದ ಮುದುಕಿಯರ ಮಾತು ಸರ್ಕಾರಕ್ಕೆ ಬೇಕಿಲ್ಲವೇನೋ.

ಬೇರೆ ಒಂದು ವಿಷಯ. ಅಟ್ಟದ ಮೇಲೆ ಅಪ್ಪನ ಗೋಡೆ ಕಾಗದ ಒಂದು ಸುರುಳಿ ಉಳಿದಿದೆ. ಹೂವಿನ ಕಾಗದ ಹಚ್ಚುವ ಮೊದಲು ಕೆಳಗೆ ಹಚ್ಚುತ್ತಿದ್ದನಲ್ಲ, ಆ ಬಿಳಿ ಒಳಕಾಗದ. ಇಷ್ಟು ವರ್ಷವಾದ ಮೇಲೆ ಅದು ಬಾಳುತ್ತದೆಯೇ? ನಡುವೆ ಹರಿಯದ ಹಾಗೆ ಬಿಚ್ಚುವುದು ಹೇಗೆ? ನೀನು ಅಪ್ಪನ ಜೊತೆ ಏಣಿ ಹಿಡಿದವನು, ನಿನಗೆ ಗೊತ್ತಿರುತ್ತದೆ.

ಹೊಟ್ಟೆ ತುಂಬ ತಿನ್ನು, ಚಳಿಯಲ್ಲಿ ಓಡಾಡಬೇಡ.

ಲವ್‌ಡೇ


ಪೋರ್ಥ್‌ಗ್ವಿನ್
30 ಮಾರ್ಚ್ 2019

ಆನಿಕ್,

ಈ ಕಾಗದವನ್ನು ನಿನ್ನ ತಂಗಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವಳು ನಿನ್ನ ಕೈಗೇ ಕೊಡಲಿ. ನಿನ್ನ ಚೀಟಿ ಓದಿದವಳೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಅದನ್ನು ಒಲೆಗೆ ಹಾಕಿದೆ. ಅವನ ಮಟ್ಟಿಗೆ ನನಗೆ ಏನೂ ಗೊತ್ತಿಲ್ಲ. ಕನಿಕರ ಕಂಡರೆ ಅವನಿಗೆ ಚಿಕ್ಕಂದಿನಿಂದ ಆಗದು. ನನಗೆ ಗೊತ್ತೆಂದು ಗೊತ್ತಾದರೆ ನಾಚಿಕೆಯಿಂದಲೇ ಸಾಯುತ್ತಾನೆ.

ನಾನು ವೋಟು ಹಾಕಿದ್ದು ಮೀನಿಗೆ, ಬಂದರಿಗೆ. ನಮ್ಮ ಕಾನೂನು ನಾವೇ ಮಾಡಿಕೊಳ್ಳೋಣ ಎಂದು. ನನ್ನ ತಮ್ಮನ ರಕ್ತದ ಮೇಲೆ ಹಾಕಿದ್ದಲ್ಲ. ಅದನ್ನು ಆ ವೋಟಿನ ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ.

ಅವನ ಮನವಿಗೆ ಸಹಿ ಹಾಕಲಾರೆ, ಸುಳ್ಳಾಗುತ್ತದೆ. ಆದರೆ ನನ್ನದೇ ಒಂದು ಬರೆಯುತ್ತೇನೆ. ಮೊರ್ವೆನ್ನಾ ಹುಡುಕಿ ಹೇಳಿದಳು: ಕಾಗದದ ಮೇಲೆ ಬರೆದ ಅಹವಾಲನ್ನು ಸಂಸತ್ತು ಇವತ್ತಿಗೂ ತೆಗೆದುಕೊಳ್ಳುತ್ತದಂತೆ. ನಮ್ಮ ಕ್ಷೇತ್ರದ ಸದಸ್ಯ ಅದನ್ನು ಸಭೆಯಲ್ಲಿ ಒಪ್ಪಿಸಬೇಕು. ಸಹಿ ಹಾಕಿದವರೆಲ್ಲ ವಿಳಾಸ ಬರೆಯಬೇಕು. ಪ್ರತಿ ಹಾಳೆಯ ನೆತ್ತಿಯಲ್ಲೂ ಏನು ಕೇಳುತ್ತಿದ್ದೇವೆಂದು ಮತ್ತೆ ಬರೆಯಬೇಕು. ನನ್ನ ಬೆರಳಿಗೆ ಸಂಧಿವಾತ, ಅಷ್ಟು ಸಲ ಬರೆಯುವುದು ಎಲ್ಲಿಂದ ಬಂತು! ಹಾಗಾದರೆ ಒಂದೇ ಹಾಳೆ ಇದ್ದರೆ ಒಂದೇ ಸಲ ಬರೆದರೆ ಸಾಕಲ್ಲವೇ ಎಂದು ಕೇಳಿದೆ. "ಅಷ್ಟು ದೊಡ್ಡ ಹಾಳೆ ಎಲ್ಲಿದೆ ಅಜ್ಜೀ?" ಅಂದಳು. ಗೋಡೆ ಕಾಗದ ಅಂಟಿಸುವವನ ಮಗಳಿಗೆ ಕೇಳುವ ಪ್ರಶ್ನೆಯೇ ಅದು?

ಲವ್‌ಡೇ


ಸಾಂ-ಗ್ವೆನೋ
5 ಏಪ್ರಿಲ್ 2019

ಅಕ್ಕಾ,

ಗೋಡೆ ಕಾಗದವಂತೆ! ದೇಶ ನಡುವೆ ಸೀಳುತ್ತಿದೆ, ನೀನು ಹಜಾರಕ್ಕೆ ಕಾಗದ ಹಚ್ಚುವವಳಿದ್ದೀ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತಾರೆ. ನೀನು ಅದನ್ನೂ ಮಾಡದೆ ಪರದೆ ಬದಲಿಸುತ್ತಿದ್ದೀಯ.

ಅರವತ್ತು ಲಕ್ಷ ಅಕ್ಕಾ. ಅರವತ್ತು ಲಕ್ಷ ಜನ! ನೋಡಿ ನೋಡಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ಜನರ ಮುಂದೆ ಯಾವ ಸರ್ಕಾರ ಕುರ್ಚಿಯಲ್ಲಿ ಕೂತಿರಲು ಸಾಧ್ಯ ಎಂದುಕೊಂಡಿದ್ದೆ. ಸರ್ಕಾರ ಕೂತೇ ಇತ್ತು. ಇನ್ನೂ ಸಹಿ ಬೀಳುತ್ತಿರುವಾಗಲೇ ಉತ್ತರ ಬಂತು: ಹಿಂತೆಗೆದುಕೊಳ್ಳುವುದಿಲ್ಲ. ಸೋಮವಾರ ಪಕ್ಕದ ಸಭಾಂಗಣದಲ್ಲಿ ಚರ್ಚೆ ಮಾಡಿದರು, ಮಾತಾಡಿ ಎದ್ದು ಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರಲ್ಲ, ಕೂಲಿಯವರಿಗೂ ವೋಟು ಕೊಡಿ ಎಂದು ಸಹಿ ಹಾಕಿದ ಸುರುಳಿಯನ್ನು ಮುತ್ತಜ್ಜರ ಕಾಲದ ಜನ ಹೆಗಲ ಮೇಲೆ ಹೊತ್ತು ಸಂಸತ್ತಿಗೆ ತಂದರೆ ಅದು ಬಾಗಿಲಲ್ಲೇ ಹಿಡಿಸಲಿಲ್ಲವೆಂದು. ಬಾಗಿಲ ಚೌಕಟ್ಟು ಕಿತ್ತರೇ ಹೊರತು ಅವರ ಮಾತು ಕೇಳಲು ಒಪ್ಪಲಿಲ್ಲ. ಏನು ಬದಲಾಗಿದೆ ಹೇಳು?

ಮನವಿಯ ಪುಟದಲ್ಲಿ ಒಂದು ಭೂಪಟವಿದೆ. ನಿಮ್ಮ ಕ್ಷೇತ್ರದಲ್ಲೂ ಸಾವಿರಾರು ಜನ ಹಾಕಿದ್ದಾರೆ. ನನ್ನ ಒಡಹುಟ್ಟಿದವಳು ಹಾಕಲಿಲ್ಲ.

ಕಾಗದ ಬಾಳುತ್ತದೆ. ಹಬೆಯಾಡುವ ಕೆಟಲಿನ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಬಿಚ್ಚು. ಒಣಗಿದ್ದನ್ನು ಎಳೆದರೆ ಸೀಳುತ್ತದೆ.

ಡೆನ್ಜಿಲ್


ಪೋರ್ಥ್‌ಗ್ವಿನ್
20 ಮೇ 2019

ಆನಿಕ್,

ಏಪ್ರಿಲ್ ಪೂರ್ತಿ ಮನೆ ಮನೆ ಅಲೆದೆ. ನೆತ್ತಿಯಲ್ಲಿ ನಾನು ಬರೆದದ್ದು ಇಷ್ಟೇ: ಹೊರಗೆ ಹೋಗುವುದಾದರೆ ಹೋಗಿ, ಆದರೆ ನೀರಿನಾಚೆ ಇರುವ ನಮ್ಮ ಕಾಯಿಲೆಯವರ ಕೈ ಬಿಡಬೇಡಿ, ಒಪ್ಪಂದ ಆದರೂ ಅವರ ಚಿಕಿತ್ಸೆ ನಡೆಯಲಿ, ಆಗದಿದ್ದರೂ ನಡೆಯಲಿ. ಡೆನ್ಜಿಲ್ ಹೆಸರು ಎಲ್ಲೂ ಇಲ್ಲ. ಆದರೆ ಈ ಊರಲ್ಲಿ ಯಾರಿಗೆ ಗೊತ್ತಾಗುವುದಿಲ್ಲ ಹೇಳು.

ಚೆನ್ನಾಗಿ ಮಾತಾಡಿಸಿದವರೂ ಉಂಟು, ಬಾಗಿಲು ಹಾಕಿಕೊಂಡವರೂ ಉಂಟು. ಒಕ್ಕೂಟದಲ್ಲೇ ಉಳಿಯಬೇಕೆಂದವರು "ಈಗ ಬಂದ್ಯಾ? ವೋಟು ಹಾಕೋವಾಗ ಬುದ್ಧಿ ಎಲ್ಲಿತ್ತು?" ಅಂದರು. ಬಿಡಬೇಕೆಂದವರು ನನ್ನನ್ನು ಪಕ್ಷ ಬದಲಿಸಿದವಳ ಹಾಗೆ ನೋಡಿದರು. ಚಾಪೆಲ್‌ನಲ್ಲಿ ನನ್ನ ಪಕ್ಕದ ಜಾಗ ಎರಡು ಭಾನುವಾರ ಖಾಲಿ ಇತ್ತು. ನಿಜ ಹೇಳುತ್ತೇನೆ, ಅತ್ತಿದ್ದೇನೆ.

ಕೊನೆಗೆ ಜೋರಿ ಪೆಂಡರ್ ಹತ್ತಿರ ಹೋದೆ. ಬಂದರಿನ ಕಟ್ಟೆಯಲ್ಲಿ ಬಲೆ ನೇಯುತ್ತಿದ್ದ. ಅವನು ಹಾಕದಿದ್ದರೆ ಮೀನಿನವರು ಒಬ್ಬರೂ ಹಾಕುವುದಿಲ್ಲ.

"ಏನ್ ಲವ್‌ಡೇ, ಗೋಡೆ ಬಿಟ್ಟು ಬೀದಿಗೆ ಕಾಗದ ಅಂಟಿಸ್ತಿದ್ಯಂತೆ?"

"ಸಹಿ ಹಾಕು ಜೋರಿ."

"ನೀನೂ ಆ ಅರವತ್ತು ಲಕ್ಷದ ಜಾತ್ರೆಗೆ ಸೇರ್ಕೊಂಡ್ಯಾ? ನನ್ ಜೊತೆ ನಿಂತು ಬಾವುಟ ಕಟ್ಟಿದೋಳು ನೀನು!"

"ಬಾವುಟ ಎಲ್ಲೂ ಹೋಗಲ್ಲ. ಮೊದ್ಲು ಓದು."

ತುಟಿ ಆಡಿಸುತ್ತ ಓದಿದ. "ಇದು ನಮ್ ಡೆನ್ಜಿಲ್‌ಗಾ?"

"ಹೂಂ. ಅವನಿಗೆ ಗೊತ್ತಿಲ್ಲ."

"ಅವನಿಗೆ ಅಲ್ಲಿಗೆ ಹೋಗು ಅಂತ ನಾವ್ ಹೇಳಿದ್ವಾ?"

ನಮ್ಮ ಊರಿನ ರಕ್ಷಣಾ ದೋಣಿಗೆ ಜೋರಿಯೇ ಮುಖ್ಯಸ್ಥ, ನಿನಗೆ ಗೊತ್ತು. ಗಂಟೆ ಹೊಡೆದರೆ ಊಟದ ತಟ್ಟೆ ಬಿಟ್ಟು ಓಡುವವನು. ನಾನಂದೆ, "ಜನವರಿ ಬಿರುಗಾಳೀಲಿ ಮುಳುಗ್ತಿತ್ತಲ್ಲ ಫ್ರೆಂಚ್ ದೋಣಿ, ಅದಕ್ಕೆ ನಮ್ ನೀರಿಗೆ ಬಾ ಅಂತ ನೀನ್ ಹೇಳಿದ್ಯಾ? ಆದ್ರೂ ಹೋಗಿ ಎತ್ಕೊಂಡ್ ಬಂದೆ."

"ಮೀನು ಕದಿಯೋಕ್ ಬಂದಿದ್ರು ಆ ಕಳ್ ನನ್ ಮಕ್ಳು."

"ಎಲ್ರೂ ಬದುಕಿದ್ರಾ?"

"ಒಬ್ನೂ ಬಿಡದೆ ಎತ್ತಿದೀವಿ. ಏನಂದ್ಕೊಂಡಿದ್ದೀಯ ನಮ್ಮನ್ನ?" ಅಂದ, ಸಿಟ್ಟಿನಿಂದ. ತನ್ನ ಮಾತು ತನಗೇ ಕೇಳಿಸಿರಬೇಕು. ಬಲೆ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು "ಪೆನ್ ಕೊಡು ಇಲ್ಲಿ" ಅಂದ.

ಆದರೆ ಅವನು ಮಾಡಿದ ಕೆಲಸ ನೋಡು. ವಿಳಾಸದ ಜಾಗದಲ್ಲಿ ತನ್ನ ದೋಣಿಯ ಹೆಸರು ಬರೆದ, ‘ಗರ್ಲ್ ಟ್ಯಾಮ್ಸಿನ್, ಪೋರ್ಥ್‌ಗ್ವಿನ್ ಬಂದರು’ ಎಂದು. ಅವನನ್ನು ನೋಡಿ ಹಿಂದಿನವನು ತನ್ನ ದೋಣಿಯ ಹೆಸರು ಬರೆದ. ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಮೀನಿನವರೆಲ್ಲ ದೋಣಿಯಲ್ಲೇ ಸಂಸಾರ ಹೂಡಿದ್ದರು! ಇದನ್ನು ಲಂಡನ್ನಿನವರು ಒಪ್ಪುತ್ತಾರೋ ದೇವರೇ ಬಲ್ಲ.

ಸಂಜೆ ಗಾಳಿ ನಿಂತಿತ್ತು. ಸುರುಳಿಯನ್ನು ಕಟ್ಟೆಯ ಉದ್ದಕ್ಕೂ ಬಿಚ್ಚಿ ಅಂಚಿಗೆ ಕಲ್ಲುಗಳನ್ನಿಟ್ಟೆವು. ಮೂರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದವರು ಎರಡೂ ಬದಿಯಲ್ಲಿ ಮಂಡಿಯೂರಿ ಒಂದೇ ಕಾಗದದ ಮೇಲೆ ಬಗ್ಗಿದ್ದರು. ತಲೆಗೆ ತಲೆ ತಾಗುತ್ತಿತ್ತು. ನನ್ನ ಊರಿನಲ್ಲಿ ಎಪ್ಪತ್ತಾರು ವರ್ಷ ಬದುಕಿದ್ದೇನೆ ಆನಿಕ್, ಅದು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಅವನಿಗೂ ಇವತ್ತೇ ಒಂದು ಕಾರ್ಡು ಹಾಕುತ್ತೇನೆ, ಅನುಮಾನ ಬರಬಾರದಲ್ಲ.

ಲವ್‌ಡೇ


ಪೋರ್ಥ್‌ಗ್ವಿನ್
20 ಮೇ 2019

ತಮ್ಮಾ, ಕೆಟಲಿನ ಉಪಾಯ ಫಲಿಸಿತು, ಕಾಗದ ಎಲ್ಲೂ ಹರಿಯಲಿಲ್ಲ. ಕೆಲಸ ಚೆನ್ನಾಗಿ ಸಾಗಿದೆ. ಜೋರಿಯೂ ಕೈಜೋಡಿಸಿದ್ದಾನೆ. ಇಲ್ಲಿ ಬಿಸಿಲು. ಲವ್‌ಡೇ.


ಸಾಂ-ಗ್ವೆನೋ
11 ಜೂನ್ 2019

ಅಕ್ಕಾ,

ಜೋರಿ ಪೆಂಡರ್ ನಿನ್ನ ಹಜಾರಕ್ಕೆ ಕಾಗದ ಹಚ್ಚುತ್ತಿದ್ದಾನೆಂದು ಓದಿ ಸಂತೋಷವಾಯಿತು. ನಿಮ್ಮ ಕಡೆಯವರು ನಿಮ್ಮ ನಿಮ್ಮಲ್ಲೇ ಚೆನ್ನಾಗಿರಿ.

ಇದರ ಜೊತೆ ಅಪ್ಪನ ಉದ್ದ ಕತ್ತರಿ ಕಳಿಸುತ್ತಿದ್ದೇನೆ. ಗೋಡೆ ಕಾಗದದ ಅಂಚು ಅದರಲ್ಲಿ ಕತ್ತರಿಸಿದರೇ ನೆಟ್ಟಗೆ ಬರುವುದು. ಅಪ್ಪ ಅದನ್ನು ನನಗೆ ಕೊಟ್ಟಿದ್ದ, ನೀನು ಆಗ ಮುಖ ಊದಿಸಿಕೊಂಡಿದ್ದೆ. ಇನ್ನು ನಿನ್ನ ಹತ್ತಿರವೇ ಇರಲಿ. ನನಗೆ ಬೇಕಾಗುವುದಿಲ್ಲ.

ಸ್ವಲ್ಪ ದಿನ ಬರೆಯದೇ ಇರಬಹುದು. ಬೇಸರ ಮಾಡಿಕೊಳ್ಳಬೇಡ.

ಡೆನ್ಜಿಲ್


ಆಸ್ಪತ್ರೆಯಿಂದ
4 ಜುಲೈ 2019, ಗುರುವಾರ

ಅಕ್ಕಾ,

ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸು. ಬಲಗೈ ಯಂತ್ರಕ್ಕೆ ಕಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಯಾವ ಯಂತ್ರ ಎಂದು ನಿನಗೆ ಹೇಳುವ ಅಗತ್ಯ ಇಲ್ಲವೆಂದು ಈಗಷ್ಟೇ ಗೊತ್ತಾಯಿತು.

ಇಲ್ಲಿ ಹೊತ್ತು ಹೋಗಲೆಂದು ನಾನು ಲ್ಯಾಪ್‌ಟಾಪಿನಲ್ಲಿ ಸಂಸತ್ತಿನ ನೇರಪ್ರಸಾರ ನೋಡುತ್ತೇನೆ. ಬೈಯಲು ಯಾರಾದರೂ ಬೇಕಲ್ಲ. ದಿನದ ಕಲಾಪ ಮುಗಿದಿತ್ತು. ಹಸಿರು ಬೆಂಚುಗಳೆಲ್ಲ ಖಾಲಿ. ಮುಚ್ಚಿಬಿಡೋಣ ಎಂದು ಕೈ ಚಾಚಿದೆ. ಆಗ ಒಬ್ಬ ಸದಸ್ಯ ಎದ್ದು ನಿಂತ. ‘ಪೋರ್ಥ್‌ಗ್ವಿನ್ ನಿವಾಸಿಗಳ ಅಹವಾಲು’ ಅಂದ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ‘ನನ್ನ ಕ್ಷೇತ್ರದ ಲವ್‌ಡೇ ರೋಸ್‌ಕಿಲ್ಲಿಯವರು ಮನೆಮನೆಗೆ ಹೋಗಿ’ ಅಂದ. ಆಮೇಲೆ ಓದಿದ. ನೀರಿನಾಚೆ ಇರುವ ನಮ್ಮ ಕಾಯಿಲೆಯವರ ಕೈ ಬಿಡಬೇಡಿ, ಎಂದು. ಅವನ ಕಂಕುಳಲ್ಲಿ ಒಂದು ಸುರುಳಿ ಇತ್ತು. ಬಿಳಿ ಒಳಕಾಗದದ ಸುರುಳಿ. ಅಂಚು ನೆಟ್ಟಗೆ ಕತ್ತರಿಸಿತ್ತು.

ನಾನು ಏನೋ ಕೂಗಿರಬೇಕು. ನರ್ಸು ಓಡಿ ಬಂದಳು. "ಏನಾಯ್ತು ಮಿಸ್ಯೂ? ನೋವಾ?" ಅಂದಳು. ತೆರೆಯ ಮೇಲೆ ಬೆರಳಿಟ್ಟು "ಅದು ನಮ್ಮಪ್ಪನ ಗೋಡೆ ಕಾಗದ" ಅಂದೆ. ಪಾಪ, ಬಿಪಿ ನೋಡಿದಳು.

ಇನ್ನು ಬರೆಯಲಾರೆ.

ನಿನ್ನ ಡೆನ್ಜಿಲ್


ಲಂಡನ್ನಿನಿಂದ ಹಿಂದಿರುಗುವ ರೈಲಿನಲ್ಲಿ
5 ಜುಲೈ 2019

ತಮ್ಮಾ,

ನಿನಗೆ ಬೈಯುವುದಿದ್ದರೆ ಈ ಕಾಗದ ಪೂರ್ತಿ ಓದಿ ಆಮೇಲೆ ಬೈ.

ನಿನ್ನ ಕಾಯಿಲೆ ನನಗೆ ಮಾರ್ಚಿನಿಂದ ಗೊತ್ತು. ಯಾರು ಹೇಳಿದರೆಂದು ಕೇಳಬೇಡ, ಅವಳು ಹೇಳಲಿಲ್ಲ, ಬರೆದಳು. ಹಜಾರದ ಗೋಡೆ ಹಾಗೇ ಇದೆ, ಹಳೆಯ ಗುಲಾಬಿ ಹೂಗಳೇ. ಅಪ್ಪನ ಸುರುಳಿ ಸಂಸತ್ತಿಗೆ ಹೋಯಿತು. ನಿನ್ನೆ ನಾನೂ ಅದರ ಹಿಂದೆ ಹೋಗಿದ್ದೆ. ನೀನು ಕತ್ತರಿ ಕಳಿಸಿದಾಗ ಸಿಟ್ಟು ಇಳಿಯಿತೆಂದು ಎಷ್ಟು ಖುಷಿಪಟ್ಟೆ ಗೊತ್ತಾ? ಅಂಚು ಅದರಲ್ಲೇ ಕತ್ತರಿಸಿದೆ.

ಅಹವಾಲು ಪರೀಕ್ಷಿಸುವ ಗುಮಾಸ್ತೆ ಚಿಕ್ಕ ವಯಸ್ಸಿನವಳು. ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಲು ಶುರುಮಾಡಿದಳು, ಮೇಜು ಮುಗಿಯಿತು, ಕೋಣೆ ಮುಗಿಯಿತು, ಬಾಗಿಲು ತೆಗೆದು ಪಡಸಾಲೆಗೆ ಇಳಿಸಬೇಕಾಯಿತು. "ಇದು ಒಂದೇ ಹಾಳೆ ತಾನೇ?" ಎಂದು ಕೇಳಿದೆ. ಮಂಡಿಯೂರಿ ಕೊನೆಯವರೆಗೂ ಹೋಗಿ ಬಂದು "ಒಂದೇ ಹಾಳೆ ಮೇಡಂ, ಎಲ್ಲೂ ಅಂಟಿಸಿಲ್ಲ" ಅಂದಳು. ದೋಣಿಗಳ ವಿಳಾಸ ಬಂದಾಗ ನಿಂತಳು. "ಇವರು ಇಲ್ಲಿ ವಾಸ ಮಾಡ್ತಾರಾ?" "ಮನೇಲಿರೋದಕ್ಕಿಂತ ಹೆಚ್ಚು ದಿನ ಅಲ್ಲೇ ಇರ್ತಾರಮ್ಮಾ. ಬೇಕಾದ್ರೆ ಅವರ ಹೆಂಡಂದಿರನ್ನ ಕೇಳು" ಅಂದೆ. ಅವಳು ನಕ್ಕು ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಒಪ್ಪಿಕೊಂಡರು.

ಆಮೇಲೆ ಮೇಲಿನ ಗ್ಯಾಲರಿಯಲ್ಲಿ ಗಾಜಿನ ಹಿಂದೆ ಕೂರಿಸಿದರು. ನಾನು ಟಿವಿಯಲ್ಲಿ ನೋಡಿ ದೊಡ್ಡದೆಂದುಕೊಂಡಿದ್ದೆ. ಡೆನ್ಜಿಲ್, ಅದು ನಮ್ಮ ಚಾಪೆಲ್‌ಗಿಂತ ಅಷ್ಟೇನೂ ದೊಡ್ಡದಲ್ಲ! ಎಲ್ಲರೂ ಎದ್ದು ಹೋಗಿದ್ದರು. ಮೊದಲು ನನಗೆ ಅಳುವೇ ಬಂತು, ಇಷ್ಟು ದೂರ ಹೊತ್ತು ತಂದದ್ದು ಖಾಲಿ ಬೆಂಚುಗಳಿಗಾ ಎಂದು. ಆದರೆ ಸಭಾಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗೆ ಕೂತೇ ಇದ್ದರು. ಬಿಳಿ ಟೈ ಕಟ್ಟಿದ ಗುಮಾಸ್ತರು ಕೂತಿದ್ದರು. ವರದಿಗಾರರು ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದರು. ಪ್ರಧಾನಿಯ ಮಾತಿಗೆ ಎಷ್ಟು ಶಿಸ್ತೋ ನಮ್ಮ ಮಾತಿಗೂ ಅಷ್ಟೇ. ನಾನು ಅಡುಗೆಮನೆಯಲ್ಲಿ ಬರೆದ ವಾಕ್ಯ ಆ ಮರದ ಗೋಡೆಗಳ ನಡುವೆ ಓಡಾಡಿತು.

ಸಭಾಧ್ಯಕ್ಷರ ಕುರ್ಚಿಯ ಬೆನ್ನಿಗೆ ಒಂದು ಹಸಿರು ಚೀಲ ತೂಗುಹಾಕಿರುತ್ತಾರೆ. ನೂರಾರು ವರ್ಷದ ಪದ್ಧತಿಯಂತೆ. ಅಹವಾಲು ಯಾರದ್ದೇ ಇರಲಿ, ಓದಿದ ಮೇಲೆ ನಡೆದುಹೋಗಿ ಅದರೊಳಗೆ ಹಾಕಬೇಕು. ನಮ್ಮ ಸದಸ್ಯ ಹಾಕಲು ಹೋದ. ಸುರುಳಿ ಹಿಡಿಸಲಿಲ್ಲ! ಒತ್ತಿದ, ತಿರುಗಿಸಿದ, ಊಹೂಂ. ಅರ್ಧ ಒಳಗೆ, ಅರ್ಧ ಹೊರಗೆ, ಬೇಕರಿ ಚೀಲದಿಂದ ಇಣುಕುವ ನಿಮ್ಮ ಊರಿನ ಉದ್ದ ಬ್ರೆಡ್ಡಿನ ಹಾಗೆ. ಹಾಗೇ ಬಿಟ್ಟು ಬಂದ. ದೀಪ ಆರಿಸುವವರೆಗೂ ನೋಡಿದೆ. ಪೋರ್ಥ್‌ಗ್ವಿನ್ ಅಲ್ಲಿ ತಲೆ ಹೊರಗೆ ಹಾಕಿಕೊಂಡು ನಿಂತಿತ್ತು.

ನೀನು ಮೇಷ್ಟ್ರ ಕಥೆ ಬರೆದಿದ್ದೆಯಲ್ಲ, ಬಾಗಿಲಲ್ಲಿ ಹಿಡಿಸದ ಸುರುಳಿಯದ್ದು. ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೀಯ. ಅವರ ಮಾತು ಆಗ ಕೇಳಲಿಲ್ಲ, ನಿಜ. ಆದರೆ ಅಪ್ಪ ವೋಟು ಹಾಕಿದ, ಅಮ್ಮ ಹಾಕಿದಳು, ನಾನೂ ಹಾಕಿದೆ. ಜಗಳವಾಡುವಷ್ಟು ವೋಟು ನಮಗೆ ಎಲ್ಲಿಂದ ಬಂತು ಅಂದುಕೊಂಡೆ?

ಬೇಗ ತಲುಪಲಿ ಎಂದು ಪ್ಲಿಮತ್ತಿನಲ್ಲೇ ಅಂಚೆಗೆ ಹಾಕುತ್ತೇನೆ.

ನಿನ್ನ ಅಕ್ಕ


ಪೋರ್ಥ್‌ಗ್ವಿನ್
24 ಅಕ್ಟೋಬರ್ 2019

ತಮ್ಮಾ,

ಉತ್ತರ ಬಂತು. ಸರ್ಕಾರ ನಮ್ಮ ಕಳವಳವನ್ನು ಗಮನಿಸಿದೆಯಂತೆ. ಒಪ್ಪಂದವಾದರೆ ಚಿಂತೆಯಿಲ್ಲ, ಆಗದಿದ್ದರೆ ಸಂದರ್ಭ ನೋಡಿ ಪರಿಶೀಲಿಸಲಾಗುವುದಂತೆ. ಎರಡು ಪ್ಯಾರಾ, ಅಷ್ಟೇ. ಇದು ನಮಗೆ ಮಾರ್ಚಿನಲ್ಲೂ ಗೊತ್ತಿತ್ತು.

ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದೆ. ಜೋರಿ ಆಡಿದ ಮಾತುಗಳನ್ನು ಚಾಪೆಲ್‌ಗೆ ಹೋಗುವವಳು ಬರೆಯಲಾರೆ. "ಗಮನಿಸಿದೆ ಅಂದ್ರೇನು? ಮುಳುಗೋನ್ನ ನಾನೂ ಗಮನಿಸ್ತಾ ನಿಂತಿರ್ಲಾ?" ಅಂದದ್ದು ಮಾತ್ರ ಬರೆಯಬಹುದಾದದ್ದು. ಆಮೇಲೆ ಎಲ್ಲರೂ ಕೆಲಸಕ್ಕೆ ಹೋದರು. ಅವರ ಮುಖ ನೋಡಿ ನನಗೆ ನಾಚಿಕೆಯಾಯಿತು, ಇಲ್ಲದ ಆಸೆ ಹುಟ್ಟಿಸಿದೆನಲ್ಲ ಎಂದು.

ನೀನೇ ಸರಿ ಡೆನ್ಜಿಲ್. ಅರವತ್ತು ಲಕ್ಷಕ್ಕೆ ಅಲುಗದವರು ಒಂದು ಗೋಡೆ ಕಾಗದಕ್ಕೆ ಅಲುಗುತ್ತಾರೆಯೇ? ಗಾಳಿ ಗುದ್ದಿ ಮೈ ನೋಯಿಸಿಕೊಂಡೆ. ಆ ದಿನ ಗ್ಯಾಲರಿಯಲ್ಲಿ ಕೂತು ಮುದುಕಿ ಏನೇನೋ ಕನಸು ಕಂಡಳು. ಏನೂ ಆಗಲಿಲ್ಲ.

ಲವ್‌ಡೇ


ಸಾಂ-ಗ್ವೆನೋ
3 ನವೆಂಬರ್ 2019

ಅಕ್ಕಾ,

ಇದನ್ನು ಬರೆಯುವುದು ಬೇಡವೆಂದು ನಾಲ್ಕು ತಿಂಗಳಿಂದ ತಳ್ಳಿಕೊಂಡು ಬಂದೆ. ಆದರೆ ನೀನು ಕೊನೆಯಲ್ಲಿ ಬರೆದ ‘ಏನೂ ಆಗಲಿಲ್ಲ’ ಎಂಬ ಎರಡು ಪದಗಳನ್ನು ಹಾಗೇ ಬಿಡಲಾರೆ.

ಜೂನ್‌ನಲ್ಲಿ ನನಗೆ ಸಾಕಾಗಿತ್ತು. ಯಾವ ದಿನಾಂಕಕ್ಕೆ ಯಾರು ಕೈಬಿಡುತ್ತಾರೋ ಎಂದು ಕಾಯುವುದು ಯಂತ್ರಕ್ಕಿಂತ ಹೆಚ್ಚು ರಕ್ತ ಹೀರುತ್ತಿತ್ತು. ಅವರು ಬಿಡುವ ಮೊದಲು ನಾನೇ ಬಿಡುತ್ತೇನೆ ಎಂದುಕೊಂಡೆ. ಕೂಡಿಟ್ಟದ್ದನ್ನು ಹಂಚತೊಡಗಿದೆ. ಮೀನಿನ ಗಾಳ ಪಕ್ಕದ ಮನೆಯವನಿಗೆ ಕೊಟ್ಟೆ. ಕತ್ತರಿ ನಿನಗೆ ಕಳಿಸಿದೆ. ಅದು ಸಿಟ್ಟು ಇಳಿದದ್ದಲ್ಲ ಅಕ್ಕಾ.

ಆ ಗುರುವಾರ ನಾನು ಆಸ್ಪತ್ರೆಗೆ ಹೋದದ್ದು ಕೊನೆಯ ಸಲವೆಂದು. ಆನಿಕ್‌ಗೂ ಹೇಳಿರಲಿಲ್ಲ. ನರ್ಸುಗಳಿಗೆ ಕೊಡಲು ಒಂದು ಡಬ್ಬಿ ಬಿಸ್ಕತ್ತು ಒಯ್ದಿದ್ದೆ. ಆ ತೆರೆ ಮುಚ್ಚಲು ಕೈ ಚಾಚಿದೆನೆಂದು ಬರೆದಿದ್ದೆನಲ್ಲ, ಎಲ್ಲವನ್ನೂ ಮುಚ್ಚಿಬಿಡಲು ಹೊರಟ ಕೈ ಅದು.

ಆಗ ಒಬ್ಬ ಮನುಷ್ಯ ಎದ್ದು ನಿಂತು ನಮ್ಮ ಊರಿನ ಹೆಸರು ಹೇಳಿದ.

ಅರವತ್ತು ಲಕ್ಷ ಜನರನ್ನು ನೋಡಿ ಬೆರಗಾಗಿದ್ದೆ, ನಿಜ. ಆದರೆ ಅವರಲ್ಲಿ ಒಬ್ಬರಿಗೂ ನಾನು ಗೊತ್ತಿರಲಿಲ್ಲ. ನಿನ್ನ ಕಾಗದದಲ್ಲಿ ಇದ್ದವರು ನನ್ನ ಶತ್ರುಗಳೆಂದು ನಾನು ಎಣಿಸಿದವರು. ಮಂಡಿಯೂರಿ, ದೋಣಿಯ ವಿಳಾಸ ಬರೆದು, ನನ್ನ ಕೈ ಬಿಡಬೇಡಿ ಎಂದು ಕೇಳಿದವರು. ನೀನು ಆನಿಕ್‌ಗೆ ಬರೆದ ಕಾಗದಗಳನ್ನು ಅವಳು ಆಮೇಲೆ ನನಗೆ ತೋರಿಸಿದಳು. ಜೋರಿ ಪೆಂಡರ್! ನನ್ನ ಜೊತೆ ಶಾಲೆಯಲ್ಲಿ ದಿನಾ ಗುದ್ದಾಡಿದವನು.

ಸರ್ಕಾರ ಅಲುಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಶನಿವಾರ ನಾನು ಮತ್ತೆ ಯಂತ್ರದ ಹತ್ತಿರ ಹೋದೆ. ಮಂಗಳವಾರವೂ ಹೋದೆ. ಇದನ್ನು ಸಹಿ ಹಾಕಿದವರಿಗೆ ಓದಿ ಹೇಳು, ಆ ಕಟ್ಟೆಯ ಮೇಲೆಯೇ ನಿಂತು.

ಖರ್ಚು ತಲೆಗೆ ಬಂದರೆ ಮನೆ ಮಾರೋಣ ಎಂದು ನಿನ್ನೆ ಆನಿಕ್‌ಗೆ ಹೇಳಿದೆ. ಸೌಟು ಎತ್ತಿಕೊಂಡಳು. "ಹೋದ ನವೆಂಬರಲ್ಲಿ ನಾನು ಹೇಳಿದ್ದೂ ಇದೇ ಅಲ್ವೇನೋ ಕತ್ತೆ!" ಅಂದಳು. ಆಮೇಲೆ ಬಹಳ ಹೊತ್ತು ಅತ್ತಳು. ಫೋನಿನ ನಿಷೇಧವನ್ನೂ ತೆಗೆದಿದ್ದಾಳೆ, ಭಾನುವಾರಗಳಿಗೆ ಮಾತ್ರ.

ವಸಂತದಲ್ಲಿ ಹಡಗು ಹತ್ತಿ ಬಾ. ಇಲ್ಲಿ ಮಲಗುವ ಕೋಣೆಯ ಗೋಡೆ ಪೂರ್ತಿ ಬಣ್ಣಗೆಟ್ಟಿದೆ, ಹೊಸ ಕಾಗದ ಹಚ್ಚಬೇಕು. ಬರುವಾಗ ಅಪ್ಪನ ಕತ್ತರಿ ತೆಗೆದುಕೊಂಡು ಬಾ. ಅದು ನನ್ನದು, ನನಗೆ ಬೇಕು.

ನಿನ್ನ ತಮ್ಮ,
ಡೆನ್ಜಿಲ್